ಕಾಕಾನ ಮುಖ ಒತ್ತಿದವರು

ಸೇಡಮಿನ ದಾಲ್ ಮಿಲ್ಲಿಗೆ ನಾನು ಮಾಡಿಕೊಟ್ಟ ಸಾಫ್ಟ್‌ವೇರ್ ಅಲ್ಲಿನ ಗುಮಾಸ್ತನಿಗೆ ತಲೆಬುಡ ಅರ್ಥವಾಗಲಿಲ್ಲ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಪುಣ್ಯಾತ್ಮ ಕಂಪ್ಯೂಟರ್ ಮೇಲೆ ಒದ್ದೆ ಟವೆಲ್ ಒಣಹಾಕಿದ್ದ. ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಅಕ್ಷರವೇ ಬೇಡ, ಮುಟ್ಟಿದರೆ ಕೆಲಸವಾಗಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿರುವ ಒಂದು ಕಲ್ಲು ಪಾಲಿಶ್ ಕಾರ್ಖಾನೆಯ ಕೆಲಸ ಸಿಕ್ಕಿದ್ದು ಅದಾದ ಮೇಲೆ. ತಗಡಿನ ಶೆಡ್ಡು, ಕಾಲಡಿ ಬೂದು ಬಣ್ಣದ ರಾಡಿ, ಕಿವಿ ಕಿತ್ತುಹೋಗುವಂಥ ಸದ್ದು. ಯಾರು ಎಷ್ಟು ಕಲ್ಲು ಮುಗಿಸಿದರು, ಯಾವ ಕಲ್ಲು ಎಲ್ಲಿದೆ ಎಂಬುದು ಮಾಲೀಕನಿಗೆ ಕೂತಲ್ಲೇ ಕಾಣಬೇಕಿತ್ತು. ನಾನು ಶೆಡ್ಡಿನ ಕಂಬಕ್ಕೊಂದು ಟ್ಯಾಬ್ ಬಿಗಿದು ಅದರಲ್ಲಿ ಕೆಲಸಗಾರರ ಮುಖಗಳನ್ನೇ ಇಟ್ಟೆ. ಕಲ್ಲು ಮುಗಿಯಿತೋ, ಹೋಗಿ ನಿನ್ನ ಮುಖ ಒತ್ತು. ಅಷ್ಟೇ. ಹೆಚ್ಚು ಕಲ್ಲು ಮಾಡಿದವರ ಮುಖ ತಾನಾಗಿ ಮೇಲಕ್ಕೆ ಬರುತ್ತಿತ್ತು. ರಾಡಿಗೈಯಲ್ಲಿ ಒತ್ತಿದರೂ ನಡೆಯುತ್ತಿತ್ತು. ನಾನು ಮಾಡಿದವುಗಳಲ್ಲೆಲ್ಲ ಚಂದದ್ದು ಅದೇ ಎಂದು ಈಗಲೂ ಹೇಳುತ್ತೇನೆ.

ಫೋಟೋ ತೆಗೆಯುವ ದಿನ ಒಂದೇ ಗದ್ದಲ. ಎಲ್ಲರೂ ಕಾಕಾ ಎನ್ನುತ್ತಿದ್ದ ಮುದುಕನೊಬ್ಬ ಪಾಲಿಶ್ ಮಶೀನಿನ ಮುಂದೆ ಉಸಿರು ಎಳೆಯುತ್ತ ನಿಂತಿದ್ದ.

"ಕಾಕಾ, ಜಲ್ದಿ ತಗಸ್ಕೋ. ನಾಳಿ ಇರ್ತೀಯೋ ಇಲ್ಲೋ!" ಎಂದು ಕಲ್ಲು ತೊಳೆಯುವ ಹೆಂಗಸು ಕೂಗಿದಳು.

"ನಿನ್ನ ಮಗಳ ಲಗ್ನದಾಗ ಉಂಡೇ ಸಾಯ್ತೀನಿ, ತಗೀ," ಎಂದು ಕಾಕಾ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವನ ಪುಪ್ಪುಸದ ತುಂಬ ಕಲ್ಲಿನ ಧೂಳು ಕೂತಿದೆ, ಒಣ ಧೂಳಿನ ಹತ್ತಿರ ಸುಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಪಾಲಿಶ್ ಮಶೀನಿಗೆ ನೀರು ಹರಿಯುತ್ತಿರುತ್ತದೆ, ಧೂಳು ಏಳುವುದಿಲ್ಲ. ಹಾಗಾಗಿ ಅಲ್ಲಿ ಅವನು ಹೇಗೋ ಬದುಕಿದ್ದ.

ಆ ಶೆಡ್ಡಿನಲ್ಲಿ ಒಂದು ವಾಡಿಕೆಯಿತ್ತು. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ, ಅವರ ದಿನದ ಲೆಕ್ಕ ತುಂಬಲೆಂದು, ಉಳಿದವರು ತಾವು ಮುಗಿಸಿದ ಒಂದೊಂದು ಕಲ್ಲನ್ನು ಅವರ ರಾಶಿಗೆ ದೂಡುತ್ತಿದ್ದರು. ಬಾಣಂತನ ಮುಗಿಸಿ ಬಂದವಳಿಗೆ, ಜ್ವರ ಬಂದವನಿಗೆ, ವರ್ಷಗಳಿಂದ ಕಾಕಾನಿಗೆ. ಬಾಯಲ್ಲಿ ಚುಚ್ಚಿ ಮಾತಾಡುತ್ತಲೇ ಕಾಲಿನಿಂದ ಕಲ್ಲು ದೂಡುವ ಜನ ಅವರು. ಈಗ ದೂಡುವ ಕಷ್ಟವೂ ತಪ್ಪಿತು. ತಮ್ಮ ಕಲ್ಲು ಮುಗಿಸಿ ಬಂದವರು ತಮ್ಮ ಮುಖ ಬಿಟ್ಟು ಕಾಕಾನ ಮುಖ ಒತ್ತತೊಡಗಿದರು. ಯಾರು ಎಷ್ಟು ಒತ್ತಿದರೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಪುಣ್ಯದ ಕೆಲಸವನ್ನು ಹೇಳಿಕೊಂಡು ಮಾಡುವ ಪದ್ಧತಿ ಅಲ್ಲಿಲ್ಲ.

ವಾರ ತುಂಬುವುದರೊಳಗೆ ಕಾಕಾ ಎಲ್ಲರಿಗಿಂತ ಮೇಲಿದ್ದ.

ಸೋಮವಾರ ಮಾಲೀಕ ಎಲ್ಲರನ್ನೂ ಕರೆದು ಕಾಕಾನ ಕೊರಳಿಗೆ ಹಾರ ಹಾಕಿ, ಪೇಡೆ ತಿನ್ನಿಸಿದ. "ನಂಬರ್ ಒನ್ ಮನಿಷ್ಯಾಗ ಸಣ್ಣ ಕೆಲಸ ಕೊಡಬಾರ್ದು. ನಾಳಿಂದ ಅಂಚು ಕೊರಿಯೋ ಮಶೀನ್ ನಿಂದೇ ನೋಡು, ಕಾಕಾ," ಎಂದ. ಆ ಮಶೀನಿಗೆ ನೀರಿಲ್ಲ. ಅದರ ಮುಂದೆ ನಿಂತವರ ಹುಬ್ಬೂ ಬೆಳ್ಳಗಾಗುತ್ತದೆ.

ಟ್ಯಾಬ್ ನೋಡಿಕೊಳ್ಳಲು ಇನ್ನೂ ದಿನಾ ಅಲ್ಲಿಗೆ ಬರುತ್ತಿದ್ದ ನಾನು ನಿಜ ಹೇಳಲು ಬಾಯಿ ತೆರೆದೆ. ಕಾಕಾ ನನ್ನ ಮುಂಗೈ ಹಿಡಿದ. "ಸುಮ್ ಇರ್ ಯವ್ವಾ. ಸುಳ್ಳು ಒತ್ತೀರಿ ಅಂತ ಇವ್ರನ್ನೆಲ್ಲಾ ಹೊರಗ ಹಾಕ್ತಾನ."

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕಾಕಾ ಮಶೀನಿನ ಪಕ್ಕದಲ್ಲಿ ಮಂಡಿಯೂರಿ, ಬಾಯಿಗೆ ಕಟ್ಟಿದ್ದ ಟವೆಲ್ಲಿಗೆ ಕೆಮ್ಮಿದ. ಟವೆಲ್ಲಿನಲ್ಲಿ ಕೆಂಪು ಕಂಡಿತು. ನಾನು ನೆಟ್ಟಗೆ ಮಾಲೀಕನ ಕೋಣೆಗೆ ಹೋಗಿ ಎಲ್ಲವನ್ನೂ ಕಕ್ಕಿದೆ. ಅವನು ಕಲ್ಲು ಮಾಡಿದ್ದಲ್ಲ, ಪಾಪ, ಇವರೆಲ್ಲ ಒತ್ತಿದ್ದು. ಇವತ್ತೇ ನೀರಿನ ಮಶೀನಿಗೆ ವಾಪಸ್ ಹಾಕಿ, ಇಲ್ಲದಿದ್ದರೆ ಸಾಯುತ್ತಾನೆ ಎಂದೆ.

ಆತ ಚಹಾ ಕುಡಿಯುತ್ತಿದ್ದ. ಬಸಿಯಿಂದ ಕಣ್ಣೆತ್ತಲೇ ಇಲ್ಲ.

"ಗೊತ್ತೈತ್ರಿ ಮೇಡಂ. ನನಗೇನ್ ಕಣ್ಣಿಲ್ಲೇನ್ರಿ? ಅವ್ರು ಕಲ್ಲು ದೂಡೋದು ಭಾಳ ವರ್ಷದಿಂದ ನೋಡ್ಲಿಕತ್ತೀನಿ. ಮುದುಕನ್ನ ನಾ ತಗದ್ರ ಎಲ್ಲಾರೂ ಕೆಲಸ ಬಿಟ್ಟು ಹೊರಗ ಕುಂದರ್ತಾರ. ಈಗ ಅವ್ರೇ ಒತ್ತಿ ಅವನ್ನ ಮ್ಯಾಲ ಕುಂದರ್ಸ್ಯಾರ, ನಾ ಹಾರ ಹಾಕೀನಿ. ಇನ್ ತಾನೇ ಬಿಟ್ಟು ಹೋಗ್ತಾನ. ಹಾವು ಸಾಯಬೇಕು, ಕೋಲು ಮುರೀಬಾರ್ದು." ಬಸಿ ಕೆಳಗಿಟ್ಟ. "ಕುಂದ್ರಿ, ಚಹಾ ಕುಡೀರಿ. ಭಾಳ ಚಂದ ಮಾಡೀರಿ."

ಥೂ! ನಾಲಿಗೆಗೆ ಬಂದ ಬೈಗುಳವನ್ನೆಲ್ಲ ಬೈದೆ. ಟ್ಯಾಬ್ ಕಿತ್ತುಕೊಂಡು ಹೋಗುತ್ತೇನೆ ಎಂದೆ. "ಒಯ್ರಿ. ಅಂಥಾವು ಪ್ಯಾಟ್ಯಾಗ ಬೇಕಾದಷ್ಟು ಸಿಗತಾವ," ಎಂದ. ಹೊರಗೆ ಬಂದರೆ ಎಲ್ಲರೂ ನಮ್ಮ ಮಾತು ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಯಾರೂ ಕೆಲಸ ಬಿಟ್ಟು ಹೊರಗೆ ಕೂರಲಿಲ್ಲ, ಯಾರೂ ಕೂಗಲಿಲ್ಲ. ಮಾಲೀಕ ಹೊರಗೆ ಹಾಕಿದ್ದರೆ ಜಗಳ ಆಡುತ್ತಿದ್ದರು. ತಾವೇ ಒತ್ತಿದ್ದಕ್ಕೆ ಯಾರ ಜತೆ ಜಗಳ ಆಡುವುದು? ಕಾಕಾ ಹುಬ್ಬಿನ ಧೂಳು ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಚಿತ್ತಾಪುರದ ಮಗಳ ಮನೆಗೆ ಹೋಗಲು ಬಸ್ ಸ್ಟ್ಯಾಂಡಿನ ಕಡೆ ನಡೆದ. ಮಳೆಗಾಲ ಮುಗಿಯುವ ಮೊದಲೇ ಅಲ್ಲೇ ತೀರಿಕೊಂಡ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಶೆಡ್ಡಿನ ಹತ್ತಿರ ಗಾಡಿ ನಿಲ್ಲಿಸಿದೆ. ನಾನು ಕೀಳದೆ ಬಿಟ್ಟ ಟ್ಯಾಬ್ ಕಂಬದ ಮೇಲೇ ಇತ್ತು. ಕಲ್ಲು ತೊಳೆಯುವ ಹೆಂಗಸು ಮಣಿಕಟ್ಟು ಊದಿಕೊಂಡಿದ್ದರಿಂದ ಒಂದೇ ಕೈಯಲ್ಲಿ ಉಜ್ಜುತ್ತಿದ್ದಳು. ಅವಳ ಮುಂದೆ ತೊಳೆಯದ ಕಲ್ಲು ರಾಶಿ ಬಿದ್ದಿತ್ತು. ಅಕ್ಕಪಕ್ಕದವರು ಕಲ್ಲು ಮುಗಿಸಿ, ಕೈ ಒರೆಸಿಕೊಂಡು ಹೋಗಿ, ಒಬ್ಬೊಬ್ಬರೂ ತಂತಮ್ಮ ಮುಖವನ್ನೇ ಒತ್ತಿ ಬರುತ್ತಿದ್ದರು.

"ಆಕಿಗೊಂದ್ ಕಲ್ಲು ದೂಡಬಾರ್ದೇನೋ?" ಎಂದು ಪಾಲಿಶ್ ಮಶೀನಿನವನನ್ನು ಕೇಳಿದೆ.

ಅವನು ತಿರುಗಿ ನೋಡಲಿಲ್ಲ. "ಬ್ಯಾಡ್ರಿ ಅಕ್ಕಾ," ಎಂದ. "ಆಕಿ ಇನ್ನಷ್ಟು ದಿನ ಬದುಕ್ಲಿ."