ಸಿಪ್ಪೆ ಸುರಿಯದ ಸರೋಜಕ್ಕ

“ಕೊಳೀದಿರೋ ಸಿಪ್ಪೆ ಗುಂಡಿಗೆ ಹಾಕೋ ಕೆಲ್ಸ ನಾನ್ ಮಾಡಲ್ಲ ಸಾರ್,” ಎಂದು ತೋಟದ ಕೆಲಸದ ಸರೋಜಕ್ಕ ತುಂಬಿದ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದರು. ಕಳೆದ ಮಳೆಗಾಲದಲ್ಲಿ ವಸ್ತಾರೆ ಬಳಿಯ ನಮ್ಮ ತೋಟದಲ್ಲಿ ಹೊಸ ಕಾಫಿ ಗಿಡ ನೆಡುತ್ತಿದ್ದೆವು. ಒಣ ಕಾಫಿ ಸಿಪ್ಪೆಯನ್ನು ಹಾಗೇ ಮಣ್ಣಿಗೆ ಬೆರೆಸಿದರೆ ಗಿಡಕ್ಕೆ ಬೇಗ ಪೋಷಕಾಂಶ ಸಿಗುತ್ತದೆ ಎಂಬುದು ಕೃಷಿ ಪದವೀಧರನಾದ ನನ್ನ ವಾದ.

“ಕೊಳೀಬೇಕಾದ್ರೆ ಮಣ್ಣಿನ ಸಾರ ಮೊದ್ಲು ಅದೇ ತಿನ್ನುತ್ತೆ ಮಾರಾಯ್ರೇ. ನಿಮ್ ಗಿಡ ಉಪಾಸ ಬೀಳುತ್ತೆ!”

ನಾನು ಒಪ್ಪಲಿಲ್ಲ, ಅವರು ಜಗ್ಗಲಿಲ್ಲ. ನಾಲ್ಕು ಸಾಲಿಗೆ ಅವರು ಹಳೆಯ ರಾಶಿಯಲ್ಲಿ ಚೆನ್ನಾಗಿ ಕೊಳೆತಿದ್ದ ಸಿಪ್ಪೆ ಹಾಕಿದರು. ಉಳಿದ ಸಾಲುಗಳಿಗೆ ನಾನೇ ಹೊಸ ಸಿಪ್ಪೆ ಬೆರೆಸಿದೆ. ಎರಡು ತಿಂಗಳಲ್ಲಿ ನನ್ನ ಗಿಡಗಳ ಎಲೆಗಳು ಹಳದಿಯಾದವು. ಅವರವು ಹಸಿರಾಗಿದ್ದವು. ಅವರು ಹೇಳಿದ್ದನ್ನೇ ನಾನು ಕಾಲೇಜಿನಲ್ಲಿ ಓದಿ ಮರೆತಿದ್ದೆನೋ, ಕೇಳಿದ ಮೇಲೆ ಓದಿದಂತೆ ಅನಿಸುತ್ತಿದೆಯೋ, ಇಂದಿಗೂ ಗೊತ್ತಿಲ್ಲ.

ಆದರೂ ಒಂದೇ ಸಲ ಕಂಡದ್ದನ್ನು ನಂಬುವವನಲ್ಲ ನಾನು. ಈ ಮಳೆಗಾಲದಲ್ಲೂ ಒಂದು ಸಾಲಿಗೆ ಹೊಸ ಸಿಪ್ಪೆ ಹಾಕಿ ನೋಡುತ್ತೇನೆ ಎಂದೆ. “ಹಾಕಿ ಸಾರ್. ಸತ್ತ ಗಿಡ ಕೀಳೋಕೆ ಮಾತ್ರ ನನ್ ಕರೀಬೇಡಿ,” ಎಂದರು ಸರೋಜಕ್ಕ.