ಸ್ಕಾ ಬಾಸ್ ಮತ್ತು ಅಪ್ಪಯ್ಯನ ತಾಳ

ಬಾಸ್ ಗಿಟಾರ್ ಹಿಡಿಯಲು ಬರುವ ಎಷ್ಟೋ ಮೊದಲೇ ನನಗೆ ಹೆದರುವುದು ಚೆನ್ನಾಗಿ ಬರುತ್ತಿತ್ತು. ಕುಂದಾಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಮ್ಮೆ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಮುಟ್ಟಿ ಶಾಕ್ ಹೊಡೆಸಿಕೊಂಡ ಮೇಲೆ ಮೈಕ್ ಕಂಡರೇ ಎದೆ ಡವಗುಟ್ಟುತ್ತಿತ್ತು. ವಾದ್ಯದ ತಂಡ ಸೇರಿದಾಗ ದಪ್ಪ ತಂತಿಯ ಬಾಸ್ ಆರಿಸಿಕೊಂಡದ್ದೂ ಅದಕ್ಕೇ. ಬಾಸಿನವನು ಹಿಂದೆ ನಿಲ್ಲಬಹುದು, ಹಾಡಬೇಕಾಗಿಲ್ಲ, ಯಾರೂ ಅವನ ಮುಖ ನೋಡುವುದಿಲ್ಲ. ಸಿನಿಮಾ ಹಾಡುಗಳಿಗೆ ನಾಲ್ಕು ಸ್ವರ ಹಿಡಿದು ಕುಟ್ಟಿದರೆ ಮದುವೆಯ ಊಟವೂ ಸಿಗುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ತಾಳದ್ದು. ಅಪ್ಪಯ್ಯ ಯಕ್ಷಗಾನದ ಭಾಗವತರಾಗಿದ್ದವರು. ಮೇಳ ಬಿಟ್ಟು ಕೋಟದ ಮನೆಯಲ್ಲಿ ಕೂತ ಮೇಲೂ ತಾಳದ ಜೋಡಿ ಅವರ ಕೈಗೆ ಸಿಗುವಲ್ಲೇ ಇರುತ್ತಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ತೊಡೆ ತಟ್ಟಿಸುತ್ತಿದ್ದರು. "ಪದ ಮರ್ತ್ ಹೋರೆ ಹ್ಯಾಂಗಾರೂ ಸುಧಾರ್ಸ್ಲಕ್ಕ್. ತಾಳ ತಪ್ರೆ ವೇಷದವ ಕಾಲ್ ಎಲ್ಲ್ ಇಡುದ್?" ಎಂದು ಗದರಿದರೆ ನನ್ನ ಅಂಗೈ ಬೆವರುತ್ತಿತ್ತು. ಹಾಗಾಗಿ ತಾಳದಂಥ ಚುರುಕಾದ, ತುಂಡಾದ ಸದ್ದು ಎಲ್ಲಿ ಬೀಳುತ್ತದೋ ಅದೇ ಪೆಟ್ಟು, ಅಲ್ಲೇ ಕೈ ಬೀಳಬೇಕು ಎನ್ನುವುದು ನನ್ನ ಮೈಗೆ ಅಂಟಿಹೋಗಿತ್ತು.

ನಮ್ಮ ವಾದ್ಯದ ತಂಡ ನಡೆಸುತ್ತಿದ್ದವರು ಬ್ರಹ್ಮಾವರದ ಒಬ್ಬರು ಮಾಸ್ಟ್ರು. ಹಡಗಿನ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಟ್ರಂಪೆಟ್ ಊದಿ ಬಂದವರು. ಜಮೈಕಾದವರ ಸ್ಕಾ ಎಂಬ ಕುಣಿತದ ಸಂಗೀತದ ಹುಚ್ಚು ಅಲ್ಲೇ ಹಿಡಿದದ್ದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಒಂದು ದಿನ ನನ್ನನ್ನು ಮನೆಗೆ ಕರೆಸಿ ಒಂದು ಕ್ಯಾಸೆಟ್ ಕೈಗಿಟ್ಟರು. ತಾವೇ ಕಟ್ಟಿದ ಸ್ಕಾ ರಾಗವನ್ನು ಚಕ್ ಚಕ್ ಎಂದು ಗಿಟಾರ್ ಬಾರಿಸುತ್ತಾ ಬಾಯಲ್ಲಿ ಗುನುಗಿ ತುಂಬಿಸಿದ್ದರು. ತಮ್ಮ ಮಗಳ ಮದುವೆಯಲ್ಲಿ ಅದನ್ನು ಊದಬೇಕಂತೆ. ಬಾಸಿನ ನಡೆಯನ್ನು ನಾನೇ ಬರೆಯಬೇಕಂತೆ.

"ನನ್ನಿಂದ ಆಪುದಲ್ಲ ಮಾಸ್ಟ್ರೇ" ಎಂದೆ.

ಅವರು ಮೇಲಿನ ತುಟಿ ಎತ್ತಿ ಮುಂದಿನ ಎರಡು ಹಲ್ಲು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. "ಕಂಡ್ಯಾ? ಮಗಳ್ ಮದಿ ಆದ್ ಮೇಲೆ ಇದನ್ನ್ ತೆಗ್ಸುಕೇ ಬೇಕ್ ಅಂದಿರ್ ಡಾಕ್ಟ್ರ್. ಮತ್ತೆ ನಂಗೆ ಊದುಕೆ ಆತಿಲ್ಲೆ ಮಗಾ. ಇದೇ ಕಡೇದ್."

ಆ ಹಲ್ಲು ನೋಡಿದ ಮೇಲೆ ಇಲ್ಲ ಎನ್ನುವುದು ಹೇಗೆ? ಹೂಂ ಎಂದೆ.

ಸ್ಕಾದ ಬಾಸ್ ನಿಂತಲ್ಲಿ ಕುಟ್ಟುವುದಲ್ಲ, ನಡೆಯಬೇಕು ಎಂದಿದ್ದರು ಮಾಸ್ಟ್ರು. ಒಂದು ಸ್ವರದಿಂದ ಇನ್ನೊಂದಕ್ಕೆ, ಪೇಟೆಗೆ ಹೊರಟವನು ಅಂಗಡಿ ಅಂಗಡಿ ನೋಡುತ್ತಾ ಹೋದ ಹಾಗೆ, ಆದರೆ ಎಲ್ಲೂ ನಿಲ್ಲದೆ. ಐದು ಗೆರೆಗಳ ಮೇಲೆ ಸ್ವರ ಬರೆಯುವ ವಿಲಾಯತಿ ಲಿಪಿ ನನಗೆ ಬಾರದು. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ಸರಿಗಮದಲ್ಲೇ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಮೊದಲು ಬರೆದದ್ದು ಹತ್ತಿಳಿಯುವ ಏಣಿಯ ಹಾಗಿತ್ತು. ನಿಧಾನಕ್ಕೆ ಒಂದು ಸ್ವರ ಬಿಟ್ಟು ಮುಂದಿನದಕ್ಕೆ ಹಾರುವುದು, ರಾಗ ಸುಮ್ಮನಿದ್ದಾಗ ಬಾಸ್ ಎರಡು ಮಾತಾಡುವುದು ಕೈಗೆ ಬಂತು. ಆ ಕೆಲವು ವಾರ ಹೆದರಿಕೆ ಮರೆತಿದ್ದೆ ಅನ್ನಬೇಕು. ನಾನೂ ಒಬ್ಬ ದೊಡ್ಡ ಮನುಷ್ಯ ಅಂತ ಅನ್ನಿಸತೊಡಗಿತ್ತು.

ಮದುವೆಗೆ ಒಂದು ವಾರವಿರುವಾಗ ಬೈಂದೂರಿನಿಂದ ಡ್ರಮ್ಸಿನವನು ಬಂದ. ಮಾಸ್ಟ್ರ ಚಾವಡಿಯಲ್ಲಿ ಗಿಟಾರಿನವನೂ ಸೇರಿ ಎಲ್ಲರೂ ಮೊದಲ ಸಲ ಬಾರಿಸಿದೆವು. ಶುರುವಾದ ಕೂಡಲೇ ಎಲ್ಲ ಅಡಿಮೇಲಾಯಿತು. ನನ್ನ ಪ್ರತಿ ಸ್ವರವೂ ಅವನ ಎರಡು ಪೆಟ್ಟುಗಳ ನಡುವೆ ಬೀಳುತ್ತಿತ್ತು. ತಪ್ಪು ಅವನದೇ ಎಂದು ನಾನು ಜೋರಾಗಿ ಕುಟ್ಟಿದೆ, ಅವನೂ ಜೋರಾಗಿ ಕುಟ್ಟಿದ.

"ಹ್ವಾಯ್, ನೀನ್ ಎಲ್ಲ್ ಹೋತಾ ಇದ್ದೆ?" ಎಂದು ಅವನು ಕೋಲು ಕೆಳಗಿಟ್ಟ.

ಮಾಸ್ಟ್ರು ನನ್ನ ಕಾಲನ್ನೇ ನೋಡುತ್ತಿದ್ದರು. ಅದು ಗಿಟಾರಿನ ಚಕ್ ಚಕ್‌ಗೆ ಸರಿಯಾಗಿ ನೆಲ ತಟ್ಟುತ್ತಿತ್ತು. "ಅದ್ ತಾಳದ ಪೆಟ್ಟಲ್ಲ ಮಗಾ" ಎಂದರು ಮೆಲ್ಲಗೆ. "ಎರಡ್ ಪೆಟ್ಟಿನ್ ನಡು ಖಾಲಿ ಜಾಗ ಇತ್ತಲ್ದಾ, ಸ್ಕಾದಗೆ ಗಿಟಾರ್ ಬಪ್ಪುದ್ ಅಲ್ಲಿ. ಪೆಟ್ಟಿನ್ ಮೇಲೆ ಬಪ್ಪುದ್ ನೀನ್."

ಅರ್ಥವಾಯಿತು. ಆದರೆ ಅರ್ಥವಾದರೆ ಏನು ಬಂತು, ಕಿವಿ ಕೇಳಬೇಕಲ್ಲ! ಗಿಟಾರ್ ಚಕ್ ಎಂದ ಕೂಡಲೇ ಕೈ ಅಲ್ಲೇ ಬೀಳುತ್ತಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಊಟಕ್ಕೆ ಕೂತಲ್ಲಿ ಅಭ್ಯಾಸ ಮಾಡಿದೆ. ಎರಡು ಸುತ್ತು ಸರಿ ಬರುತ್ತಿತ್ತು, ಮೂರನೆಯದರಲ್ಲಿ ಜಾರುತ್ತಿತ್ತು. ಜ್ವರವಾದರೂ ಬರಬಾರದೇ ಎಂದು ಹರಕೆ ಹೊತ್ತುಕೊಳ್ಳುವುದೊಂದು ಬಾಕಿ.

ಕಡೆಗೆ ಅಪ್ಪಯ್ಯನ ಮುಂದೆ ಕ್ಯಾಸೆಟ್ ಹಾಕಿದೆ. ಅವರಿಗೆ ಗೊತ್ತಿಲ್ಲದ ತಾಳವುಂಟೇ ಎಂದು ಧೈರ್ಯ. ಅವರು ತಾಳ ಎತ್ತಿಕೊಂಡು ನೇರವಾಗಿ ಗಿಟಾರಿನ ಚಕ್ ಚಕ್‌ನ ಮೇಲೆಯೇ ಹೊಡೆದರು! ಪೆಟ್ಟು ಅಲ್ಲಲ್ಲ, ನಡುವಿನ ಖಾಲಿ ಜಾಗದಲ್ಲಿ ಎಂದು ತಿಳಿಸಿದಾಗ ಮುಖ ಗಂಟಿಕ್ಕಿ, "ಇದೆಂತ ಅನಾಚಾರ ಮಾರಾಯಾ" ಎಂದವರು ಹಟಕ್ಕೆ ಬಿದ್ದು ಕೂತರು. ತಪ್ಪಿದರು, ಕ್ಯಾಸೆಟ್ಟಿಗೆ ಬೈದರು, ಮತ್ತೆ ಹೊಡೆದರು. ಅವರ ತಾಳ ಚಕ್ ಚಕ್‌ನ ಎಡೆಯಲ್ಲಿ ನಿಂತ ಮೇಲೆ ಅದರ ಮೇಲೆ ನನ್ನ ಬಾಸ್ ಇಟ್ಟುಕೊಂಡು ನಡೆದೆ. ಮೊದಲ ಸಲ ಕೊನೆಯ ತನಕ ಹೋಯಿತು. ಮದುವೆಗೆ ನೀವೂ ಬರಬೇಕು, ಎದುರಿಗೇ ಕೂತು ತೊಡೆ ತಟ್ಟಬೇಕು ಎಂದು ಗೋಗರೆದೆ.

ಬಂದರು. ಬ್ರಹ್ಮಾವರದ ಮದುವೆ ಹಾಲ್‌ನಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲು, ಮುಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದರು. ಗಿಟಾರ್ ಶುರುವಾಯಿತು. ಸೇರಿದ್ದವರೆಲ್ಲ ಖುಷಿಯಿಂದ ಚಪ್ಪಾಳೆ ತಟ್ಟತೊಡಗಿದರು, ಎಲ್ಲರೂ ಗಿಟಾರಿನ ಮೇಲೆಯೇ. ಡ್ರಮ್ಸ್ ಅದರಲ್ಲಿ ಮುಚ್ಚಿಹೋಯಿತು, ಅಷ್ಟು ಜನರ ಕೈ ನನ್ನ ಕೈಯನ್ನು ಎಳೆಯುತ್ತಿತ್ತು. ಅಪ್ಪಯ್ಯನ ತೊಡೆಯ ಕಡೆ ನೋಡಿದೆ. ಅವರೂ ಜನರ ಜೊತೆಗೇ ತಟ್ಟುತ್ತಿದ್ದರು.

ಅಂಥ ಹೆದರಿಕೆ ನನಗೆ ಶಾಕ್ ಹೊಡೆದಾಗಲೂ ಆಗಿರಲಿಲ್ಲ. ಅಪ್ಪಯ್ಯನಿಂದ ಕಣ್ಣು ಕಿತ್ತುಕೊಂಡೆ. ಪಕ್ಕದಲ್ಲಿ ಮಾಸ್ಟ್ರ ಹೆಗಲು ಕಂಡಿತು. ಊದುವ ಮೊದಲು ಉಸಿರು ಎಳೆದುಕೊಂಡು ಅದು ಮೇಲೆದ್ದಿತು, ತಾಳದ ಪೆಟ್ಟಿಗೆ ಸರಿಯಾಗಿ ಇಳಿಯಿತು. ಆ ಹೆಗಲೊಂದನ್ನೇ ನೋಡುತ್ತಾ ಸ್ವರದಿಂದ ಸ್ವರಕ್ಕೆ ಕಾಲಿಟ್ಟೆ. ಪ್ರತಿ ಸಲವೂ ಈಗ ಜಾರಿದೆ, ಈಗ ಜಾರಿದೆ ಅಂತಲೇ ಅನಿಸುತ್ತಿತ್ತು, ಜಾರಲಿಲ್ಲ. ರಾಗ ಮುಗಿದಾಗ ಮದುಮಗಳು ಅಳುತ್ತಿದ್ದಳು. ಮಾಸ್ಟ್ರು ಕರವಸ್ತ್ರದಿಂದ ತುಟಿಯ ರಕ್ತ ಒರೆಸಿಕೊಂಡರು, ನನ್ನ ಬೆನ್ನಿಗೆ ಕೈಯಿಟ್ಟರು, ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಆಮೇಲೆ ಅವರು ಊದಿದ್ದನ್ನು ನಾನು ಕೇಳಿಲ್ಲ.

ಊಟದ ನಂತರ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಎಂತಕೆ ಅಲ್ಲ್ ತಟ್ರಿ?" ಎಂದು ಕೇಳಿಯೇಬಿಟ್ಟೆ.

ಅಪ್ಪಯ್ಯ ಪಂಚೆಯ ತುದಿ ಎತ್ತಿ ಹಿಡಿದುಕೊಂಡರು. "ನೀ ಸ್ಟೇಜ್ ಹತ್ತದ್ದ್ ಕಂಡದ್ದೇ ನಂಗೆ ಹೆದ್ರಿಕಿ ಆಯ್ತ್ ಮಗಾ" ಎಂದರು. "ತಾಳ ಎಲ್ಲ್ ಹೋಯ್ತೋ ಗೊತ್ತಾಯ್ಲಿಲ್ಲೆ. ಜನ ಎಲ್ಲ್ ತಟ್ರ್, ನಾನೂ ಅಲ್ಲೇ ತಟ್ಟಿ ಕೂಕಂಡೆ."

ಬಸ್ಸು ಬಂತು. ಹತ್ತುವಾಗ ಅವರ ಕೈ ಹಿಡಿದುಕೊಂಡೆ. ಅದು ಇನ್ನೂ ಬೆವೆತಿತ್ತು.