ನಂಜುಂಡಸ್ವಾಮಿ ಸರ್ ಗಿಟಾರಿನೊಳಗಿನ ಮರದ ತುಂಡು

ನನ್ನ ಫೋನಿನಲ್ಲಿ ನಂಜುಂಡಸ್ವಾಮಿ ಸರ್ ನುಡಿಸಿದ ನಲವತ್ತೊಂದು ರೆಕಾರ್ಡಿಂಗ್ ಇವೆ. ಅದರಲ್ಲಿ ಹನ್ನೊಂದು ಬರೀ ತೋಡಿ ರಾಗ. ಜಪಾನಿನ ನಗೋಯಾಕ್ಕೆ ಬಂದ ಮೊದಲ ಯುಗಾದಿಗೆ ಅವರ ಎಲೆಕ್ಟ್ರಿಕ್ ಗಿಟಾರಿನಲ್ಲಿ ತೋಡಿಯ ಗಾಂಧಾರ ಸ್ವರ ತೂಗಿದ್ದು ಕೇಳಿ, ತಟ್ಟೆಯಲ್ಲಿದ್ದ ಪುಳಿಯೋಗರೆ ಮರೆತು ಕೂತವನು ನಾನು. ಅವತ್ತಿನಿಂದ ಅವರು ಎಲ್ಲಿ ನುಡಿಸಿದರೂ ಮುಂದಿನ ಸಾಲಿನಲ್ಲಿ ನಾನಿರುತ್ತೇನೆ.

ಅವರೇನೂ ಹೆಸರುವಾಸಿ ಕಲಾವಿದರಲ್ಲ. ಕಾರಿನ ಬ್ರೇಕ್ ಸಾಫ್ಟ್‌ವೇರ್ ಪರೀಕ್ಷಿಸುವ ಇಂಜಿನಿಯರ್. ಮೈಸೂರಿನಲ್ಲಿ ಹನ್ನೆರಡು ವರ್ಷ ವೀಣೆ ಕಲಿತಿದ್ದರು. ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಕಂಪನಿ ಕೊಟ್ಟ ಮನೆಯ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಪಕ್ಕದವರು ಚಹಾ ಹೀರಿದ್ದೂ ಕೇಳುತ್ತಿತ್ತಂತೆ. ಅಲ್ಲಿ ವೀಣೆ ಮೀಟುವುದುಂಟೇ? ಓಸು ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಎಲೆಕ್ಟ್ರಿಕ್ ಗಿಟಾರ್ ತಂದರು. ಹೆಡ್‌ಫೋನ್ ಹಾಕಿಕೊಂಡರೆ ಯಾರ ತಕರಾರೂ ಇಲ್ಲ. ದಪ್ಪನೆಯ ಎರಡು ತಂತಿಗಳನ್ನು ಸಾ-ಪಾ ಶ್ರುತಿಗೆ ಇಳಿಸಿ, ಅವನ್ನು ಹೆಬ್ಬೆರಳಿನಲ್ಲಿ ಮೀಟುತ್ತಾ, ಉಳಿದ ತಂತಿಗಳನ್ನು ವೀಣೆಯ ಹಾಗೆ ಎಳೆದು ಸ್ವರ ತೂಗಿಸುವ ಗಮಕ ತೆಗೆಯುವುದನ್ನು ಒಬ್ಬರೇ ಕಲಿತರು.

ಆ ಗಿಟಾರಿಗೆ ಟ್ರೆಮೊಲೊ ಬ್ರಿಡ್ಜ್ ಇತ್ತು. ಅಂದರೆ ತಂತಿಗಳು ಕೂರುವ ಲೋಹದ ಪಟ್ಟಿ ಸ್ಪ್ರಿಂಗಿನ ಮೇಲೆ ಉಯ್ಯಾಲೆ ಆಡುತ್ತದೆ. ಅದಕ್ಕೆ ಸಿಕ್ಕಿಸಿದ ಹಿಡಿಯನ್ನು ಒತ್ತಿದರೆ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಗಮಕಕ್ಕೆಂದು ಒಂದು ತಂತಿ ಎಳೆದರೆ ಉಯ್ಯಾಲೆ ವಾಲಿ ಶ್ರುತಿ ಜಾರುತ್ತಿತ್ತು. ಸರ್ ಮೊದಲ ವಾರವೇ ಹಿಂಬದಿಯ ಗೂಡಿಗೆ ಮರದ ತುಂಡೊಂದನ್ನು ಬಿಗಿದು ಬ್ರಿಡ್ಜನ್ನು ಅಲ್ಲಾಡದಂತೆ ನಿಲ್ಲಿಸಿಬಿಟ್ಟರು. ತುಂಡು ಯಾವುದು ಗೊತ್ತಾ? ಮೈಸೂರಿನಿಂದ ಬರುವಾಗ ಮುರಿದ ದೇವರ ಪೀಠದ ಕಾಲು.

"ನಮ್ಮನೆ ದೇವ್ರು ಇಪ್ಪತ್ತು ವರ್ಷದಿಂದ ಟಿಶ್ಯೂ ಡಬ್ಬಿ ಮೇಲೆ ಒರಗಿದಾನೆ. ಇವರ ಗಿಟಾರ್ ಮಾತ್ರ ಗಟ್ಟಿ" ಅಂತ ಅವರ ಹೆಂಡತಿ ಪದ್ಮಾ ಮೇಡಂ ಬಂದವರಿಗೆಲ್ಲ ಹೇಳುತ್ತಾರೆ.

ಹೋದ ಆಗಸ್ಟ್‌ನಲ್ಲಿ ಸರ್‌ಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಕೆಲಸಕ್ಕೂ ಹೋದರು. ಎಡಗೈ ಬೆರಳುಗಳಿಗೆ ಮಾತ್ರ ಹಳೇ ಬಲ ಬರಲಿಲ್ಲ. ತಂತಿ ಒತ್ತಬಹುದು, ಎಳೆಯಲಾಗದು. ಇಲ್ಲಿನ ಕನ್ನಡಿಗರ ಯುಗಾದಿ ಕೂಟ ಪ್ರತಿ ವರ್ಷ ಅವರ ತೋಡಿಯಿಂದಲೇ ಶುರುವಾಗುತ್ತದೆ. ಈ ಸಲದ್ದು ಇಪ್ಪತ್ತನೆಯದು. ಅದಕ್ಕೆ ನುಡಿಸಿಯೇ ನುಡಿಸುತ್ತೇನೆ ಎಂದು ಆಸ್ಪತ್ರೆಯಲ್ಲಿ ನರ್ಸ್‌ಗಳಿಗೂ ಹೇಳಿದ್ದರಂತೆ.

ಜನವರಿಯಲ್ಲಿ ಅವರ ಮನೆಗೆ ಹೋದೆ. ಗಾಂಧಾರ ಒತ್ತಿ ತೋರಿಸಿದರು. ಟಣ್ ಅಂದು ಅಲ್ಲೇ ನಿಂತಿತು.

"ಅಲ್ಲಾಡ್ತಾನೇ ಇಲ್ಲ ನೋಡೋ ತೇಜಸ್ವಿ. ಹೆಣ ಮಲಗಿದ ಹಾಗಿದೆ."

"ಸರ್, ಎಡಗೈ ಬರೀ ಒತ್ತಲಿ. ಎಳೆಯೋ ಕೆಲ್ಸ ಬಲಗೈ ಮಾಡ್ಲಿ. ಆ ಮರ ತೆಗೆದು ಹೊಸ ಟ್ರೆಮೊಲೊ ಹಾಕ್ಬಿಡೋಣ. ಸೂಪರಾಗಿರುತ್ತೆ!"

ಸರ್ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಸರಿ, ತಗೊಂಬಾ."

ಮುಂದಿನ ಭಾನುವಾರ ಬೆಳಿಗ್ಗೆಯೇ ಕೂತೆವು. ಸರ್ ಹೇಳಿದಂತೆ ನಾನು ತಂತಿಗಳನ್ನು ಸಡಿಲಿಸಿ ಬಿಚ್ಚಿದೆ. ಹಿಂಬದಿಯ ಮುಚ್ಚಳ ತೆಗೆದು ಮರದ ತುಂಡನ್ನು ಹೊರಗೆಳೆದೆ. ಒಂದು ಮೂಲೆಯಲ್ಲಿ ಇನ್ನೂ ಅರಿಶಿನದ ಕಲೆಯಿತ್ತು. ಸರ್ ಅದನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಹೊಸ ಬ್ರಿಡ್ಜ್ ಕೂರಿಸಿದ್ದು ಸುಲಭ. ತೂಗಿಸುವುದೇ ಕಷ್ಟ. ಮುಂದೆ ತಂತಿಗಳು ಎಳೆಯುತ್ತವೆ, ಹಿಂದೆ ಸ್ಪ್ರಿಂಗುಗಳು ಎಳೆಯುತ್ತವೆ, ಎರಡೂ ಸಮನಾದರೆ ಬ್ರಿಡ್ಜ್ ಗಿಟಾರಿನ ಮೈಗೆ ತಾಗದೆ ತೇಲುತ್ತದೆ. ಎಷ್ಟು ಎತ್ತರ ತೇಲಬೇಕೋ ಅಷ್ಟಕ್ಕೆ ಸರಿಯಾಗಿ ಸರ್ ತಮ್ಮ ಕಂಪನಿಯ ವಿಸಿಟಿಂಗ್ ಕಾರ್ಡುಗಳನ್ನು ಜೋಡಿಸಿ ಕೆಳಗೆ ತೂರಿಸಿದರು. ಒಂದು ತಂತಿ ಬಿಗಿದು ಶ್ರುತಿ ಸೇರಿಸಿದರೆ ಉಳಿದ ಐದೂ ಇಳಿಯುತ್ತಿದ್ದವು. ಸ್ಪ್ರಿಂಗಿನ ಸ್ಕ್ರೂ ಕಾಲು ಸುತ್ತು ತಿರುಗಿಸು, ಮತ್ತೆ ಆರೂ ತಂತಿ ಸೇರಿಸು.

"ಕೂಡು ಕುಟುಂಬ ಕಣೋ ಇದು. ಒಬ್ಬರಿಗೆ ಸಮಾಧಾನ ಮಾಡಿದ್ರೆ ಉಳಿದೋರು ಮುನಿಸ್ಕೋತಾರೆ."

"ಹಾಗಾದ್ರೆ ನಾನು ಅಡುಗೆಮನೇಲೇ ಇರ್ತೀನಿ" ಅಂದರು ಪದ್ಮಾ ಮೇಡಂ ಒಳಗಿಂದಲೇ.

ಮಧ್ಯಾಹ್ನ ಮೂರು ಗಂಟೆಗೆ ಬ್ರಿಡ್ಜ್ ತೇಲಿತು. ಸರ್ ಕಾರ್ಡುಗಳನ್ನು ಒಂದೊಂದಾಗಿ ಎಳೆದು ತೆಗೆದು, ಗಾಂಧಾರ ಒತ್ತಿ ಮೀಟಿ ಹಿಡಿ ಆಡಿಸಿದರು. ಗಾಂಧಾರ ತೂಗಿತು! ಐದು ತಿಂಗಳ ಮೇಲೆ! ಮೇಡಂ ಸೌಟು ಹಿಡಿದೇ ಓಡಿ ಬಂದರು. ನಾನು ಫೋನ್ ತೆಗೆದೆ.

ಅಷ್ಟರಲ್ಲಿ ಅಭ್ಯಾಸಬಲದಿಂದ ಹೆಬ್ಬೆರಳು ಶ್ರುತಿ ತಂತಿಗಳನ್ನು ಮೀಟಿತು. ಹಿಡಿ ಆಡಿತು. ಗಾಂಧಾರದ ಜೊತೆ ಸಾ ಕೂಡ ಜಾರಿತು, ಪಾ ಕೂಡ ಜಾರಿತು. ನಿಂತ ನೆಲವೇ ವಾಲಿದ ಹಾಗಾಯಿತು. ಸರ್ ಇನ್ನೊಮ್ಮೆ ನುಡಿಸಿದರು. ಮತ್ತೊಮ್ಮೆ. ಒಂದೇ ಉಯ್ಯಾಲೆಯ ಮೇಲೆ ಆರೂ ತಂತಿ ಕೂತಿರುವಾಗ ಒಂದನ್ನು ಮಾತ್ರ ತೂಗುವುದು ಹೇಗೆ?

"ಸರ್, ಶ್ರುತಿಗೆ ಫೋನಲ್ಲಿ ಆಪ್ ಹಾಕೋಣ. ಆ ಎರಡು ತಂತಿ ಬಿಚ್ಚಿಬಿಡೋಣ" ಅಂದೆ.

"ನನ್ನ ಶ್ರುತೀನ ಬಿಚ್ಚಿಟ್ಟು ಏನೋ ನುಡಿಸ್ಲಿ?"

ಆಗ ನನಗೆ ಹೊಳೆಯಿತು. ಇದೇ ಕಾರಣಕ್ಕೆ ಇಪ್ಪತ್ತು ವರ್ಷದ ಹಿಂದೆ ಅವರು ಮರ ಬಿಗಿದಿದ್ದರು.

"ಸರ್, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಹೇಳ್ಬಾರದಿತ್ತಾ ಸರ್?"

"ಗೊತ್ತಿರೋದು ಸುಳ್ಳಾಗ್ಲಿ ಅಂತ ಒಂದು ಭಾನುವಾರ ಆಸೆಪಟ್ಟೆ ಕಣೋ. ಅಷ್ಟೇ."

ಮೇಡಂ ಒಳಗೆ ಹೋದರು. ಒಳಗೆ ನಲ್ಲಿ ತುಂಬಾ ಹೊತ್ತು ಸುರಿಯುತ್ತಿತ್ತು. ಸರ್ ಜೇಬಿನಿಂದ ಮರದ ತುಂಡು ತೆಗೆದು ನನ್ನ ಕೈಗಿಟ್ಟರು. ನಾನೇ ಅದನ್ನು ಗೂಡಿಗೆ ಬಿಗಿದು ಮುಚ್ಚಳ ಹಾಕಿದೆ. ಆಮೇಲೆ ಅವರು ಆರೂ ತಂತಿಗಳನ್ನು ಸಾ-ಪಾಕ್ಕೆ ಸೇರಿಸಿದರು.

ಯುಗಾದಿಯ ದಿನ ಕೂಟದವರು ಎಂದಿನಂತೆ ಅವರನ್ನೇ ಮೊದಲು ಕರೆದರು. ಸರ್ ಕೂತು, ಎಡಗೈ ಒತ್ತದ ಬಿಡಿ ತಂತಿಗಳನ್ನು ಒಂದೊಂದಾಗಿ ಮೀಟತೊಡಗಿದರು, ತಂಬೂರಿಯ ಹಾಗೆ. ಜನ ಇನ್ನೂ ಶ್ರುತಿ ಸೇರಿಸುತ್ತಿದ್ದಾರೆ ಅಂದುಕೊಂಡು ಕಾದರು. ಪಕ್ಕದಲ್ಲಿ ಅವರ ಹತ್ತಿರ ಹಾಡು ಕಲಿಯುವ ಇಂಚರಾ ಕೂತಿದ್ದಳು. ಹತ್ತು ವರ್ಷದ ಹುಡುಗಿ.

"ಅಂಕಲ್, ನೀವು ಪ್ಲೇ ಮಾಡಲ್ವಾ?"

"ಮಾಡ್ತಿದೀನಲ್ಲ ಮರಿ. ನೀನು ಹಾಡು."

ಅವಳು ಹಾಡಿದಳು. ಪುಟ್ಟ ತೋಡಿ. ಗಾಂಧಾರ ಅಷ್ಟಿಷ್ಟು ತೂಗಿತು, ಪರವಾಗಿಲ್ಲ. ನಲವತ್ತೆರಡನೆಯ ರೆಕಾರ್ಡಿಂಗ್ ಅದು. ಹೆಡ್‌ಫೋನ್ ಹಾಕಿ ಕೇಳಿದರೆ ಹಿಂದೆ ಸರ್ ಮೀಟಿದ ಶ್ರುತಿ ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ರೆಕಾರ್ಡಿಂಗಿನಲ್ಲಿ ಕಾಣದ್ದು ಅವರ ಎಡಗೈ. ಅದು ತೊಡೆಯ ಮೇಲೆ ಬಿದ್ದಿತ್ತು. ಇಂಚರಾ ಗಾಂಧಾರಕ್ಕೆ ಬಂದಾಗಲೆಲ್ಲ ಅದರ ಎರಡು ಬೆರಳು ಪ್ಯಾಂಟಿನ ಬಟ್ಟೆಯನ್ನು ಒತ್ತಿ ಪಕ್ಕಕ್ಕೆ ಎಳೆಯಲು ನೋಡುತ್ತಿದ್ದವು.